ದೋಷವೂ ದೋಷದೃಷ್ಟಿಯೂ

ಬೇಕಾದ ವಸ್ತುವನ್ನು ಸಂಪಾದಿಸುವುದು ಕಷ್ಟ. ಸಂಪಾದಿಸಿದುದನ್ನು ನೆಮ್ಮದಿಯಿಂದ ಅನುಭವಿಸುವುದು ಅದಕ್ಕಿಂತಲೂ ಕಷ್ಟ. ಬಡತನದಲ್ಲಿ ಇಲ್ಲದುದರ ಚಿಂತೆ, ಸಿರಿಯಲ್ಲಿ ಇದ್ದುದರ ಚಿಂತೆ. ಈ ಎರಡನೆಯ ಚಿಂತೆಯು ಎಷ್ಟು ಸೂಕ್ಷ್ಮವಾದ ರೂಪವನ್ನು ತಾಳಬಲ್ಲುದೆಂಬುದಕ್ಕೆ ಇಂದಿನ ಲೋಕದ ಒಂದು ನಿದರ್ಶನವನ್ನು ವಾಚಕರ ಮುಂದಿಟ್ಟು ವಿಚಾರಿಸೋಣ.

ಅಮೆರಿಕ ದೇಶದಲ್ಲಿ ಹುಟ್ಟಿ ಇಂದು ಜಗತ್ತಿನ ಎಲ್ಲೆಡೆ ಹರಡಿರುವ ವಿದ್ಯುತ್ ಗಿಟಾರ್ ಎಂಬ ತಂತೀವಾದ್ಯವಿದೆಯಷ್ಟೆ. ಆ ದೇಶದ ಪ್ರಸಿದ್ಧ ಕಾರ್ಖಾನೆಗಳಲ್ಲಿ ತಯಾರಾಗುವ ಉತ್ತಮ ದರ್ಜೆಯ ವಾದ್ಯಕ್ಕೆ 5000 ಡಾಲರು, ಕೆಲವಕ್ಕೆ ಅದರ ಇಮ್ಮಡಿ ಬೆಲೆ ಬೀಳುವುದುಂಟು. ವರ್ಷಗಟ್ಟಲೆ ಸಂಬಳದಲ್ಲಿ ಉಳಿಸಿ ಅದನ್ನು ಕೊಂಡವನು ಪೆಟ್ಟಿಗೆಯನ್ನು ತೆರೆದೊಡನೆ ಮಾಡುವ ಮೊದಲ ಕಾರ್ಯ ಅನೇಕ ವೇಳೆ ನುಡಿಸುವುದಲ್ಲ, ದೀಪದ ಕೆಳಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡುವುದು. ಅಂಚಿನ ಬಿಳಿಯ ಪಟ್ಟಿಯ ಮೇಲೆ ಕೂದಲೆಳೆಯಷ್ಟು ಕೆಂಪು ಬಣ್ಣ ಹರಿದಿದೆ. ಮೆರುಗೆಣ್ಣೆಯಲ್ಲಿ ಸಾಸಿವೆಕಾಳಿನಷ್ಟು ಗುಳಿಯಿದೆ. ಎರಡು ಹೋಳುಗಳನ್ನು ಕೂಡಿಸಿದ ಮುಖಫಲಕದಲ್ಲಿ ಮರದ ಎಳೆಗಳು ನಡುವೆ ಸರಿಯಾಗಿ ಸೇರಿಲ್ಲ. ಕಂಡ ಆ ಕ್ಷಣದಿಂದ ಅವನಿಗೆ ನೆಮ್ಮದಿಯಿಲ್ಲ. ಹಿಂದಿರುಗಿಸಲೇ, ಇಟ್ಟುಕೊಳ್ಳಲೇ? ಬೇರೊಂದನ್ನು ತರಿಸಿದರೆ ಅದರಲ್ಲಿ ಇನ್ನೇನು ಕಂಡೀತೋ? ವಾದ್ಯವು ಕೈಯಲ್ಲಿದ್ದರೂ ನಾದವು ಮನೆಯಲ್ಲಿಲ್ಲ.

ಇದನ್ನು ಕೇಳಿ ನಗುವವರು ತುಸು ತಾಳಬೇಕು. ಹೊಸ ಮನೆಯ ಗೋಡೆಯಲ್ಲಿ ಕಂಡ ಒಂದು ಗೀರು, ಮದುವೆಯ ಸೀರೆಯ ಸೆರಗಿನಲ್ಲಿ ತಪ್ಪಿದ ಒಂದು ಎಳೆ, ಹೊಸ ತಂಬಿಗೆಯ ಕಂಠದಲ್ಲಿ ಬಿದ್ದ ಒಂದು ತಗ್ಗು, ಇವು ಎಷ್ಟು ಗೃಹಸ್ಥರ ಊಟದ ರುಚಿಯನ್ನು ಕೆಡಿಸಿಲ್ಲ? ವಸ್ತು ಬೇರೆ, ವ್ಯಾಧಿ ಒಂದೇ. ಆದುದರಿಂದ ದೋಷವೆಂದರೇನು ಎಂಬುದನ್ನೇ ಮೊದಲು ನಿಶ್ಚಯಿಸಬೇಕು.

ನಮ್ಮ ಆಲಂಕಾರಿಕರು ಈ ಪ್ರಶ್ನೆಯನ್ನು ಕಾವ್ಯದ ವಿಷಯದಲ್ಲಿ ಆಳವಾಗಿ ಚರ್ಚಿಸಿದ್ದಾರೆ. ಮಮ್ಮಟನು ತನ್ನ ಕಾವ್ಯಪ್ರಕಾಶದಲ್ಲಿ ದೋಷಕ್ಕೆ ಲಕ್ಷಣವನ್ನು ಹೇಳುವಾಗ, ಕಣ್ಣಿಗೋ ಕಿವಿಗೋ ಒಗ್ಗದುದೆಲ್ಲ ದೋಷವೆಂದು ಹೇಳಲಿಲ್ಲ. ಯಾವುದು ಮುಖ್ಯವೋ ಅದಕ್ಕೆ ಹಾನಿಯನ್ನು ತರುವುದು ದೋಷ. ಕಾವ್ಯದಲ್ಲಿ ಮುಖ್ಯವಾದುದು ರಸ. ಆದುದರಿಂದ ರಸಕ್ಕೆ ಅಡ್ಡಿಯಾಗುವುದೇ ಅಲ್ಲಿ ದೋಷವೆಂಬುದು ಅವನ ಅಭಿಪ್ರಾಯ. ಈ ಒರೆಗಲ್ಲು ಕಾವ್ಯಕ್ಕೆ ಮಾತ್ರವಲ್ಲದೆ ಮನುಷ್ಯನು ಮಾಡಿದ ಎಲ್ಲ ವಸ್ತುಗಳಿಗೂ ಸಲ್ಲತಕ್ಕದ್ದು. ವಾದ್ಯದಲ್ಲಿ ಮುಖ್ಯವಾದುದು ನಾದ. ಈ ವಾದ್ಯದಲ್ಲಿ ಆ ನಾದವು ಹುಟ್ಟುವ ಬಗೆಯನ್ನು ನೋಡಿರಿ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತವೂ ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳುವಾದ ತಾಮ್ರದ ತಂತಿಯೂ ಇವೆ. ಮೀಟಿದ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ಸೂಕ್ಷ್ಮವಾದ ವಿದ್ಯುತ್ಪ್ರವಾಹವು ಹುಟ್ಟುತ್ತದೆ. ಆ ಪ್ರವಾಹವನ್ನು ಇನ್ನೊಂದು ಯಂತ್ರವು ಹಿಗ್ಗಿಸಿ ಧ್ವನಿಯಾಗಿ ಹೊರಡಿಸುತ್ತದೆ. ಮೆರುಗೆಣ್ಣೆಯ ಮೇಲಿನ ಸಾಸಿವೆಯಷ್ಟು ಗುಳಿಗೆ ಈ ಹಾದಿಯಲ್ಲಿ ಎಲ್ಲಿಯೂ ಪ್ರವೇಶವಿಲ್ಲ.

ಕೊರಳು ತಿರುಚಿಕೊಂಡಿದ್ದರೆ, ಲೋಹದ ಮೆಟ್ಟುಗಳು ಏರುಪೇರಾಗಿ ತಂತಿ ತಗುಲಿ ಝೇಂಕರಿಸಿದರೆ, ಕೂಡಿಸಿದ ಸ್ವರವು ನಿಲ್ಲದೆ ಜಾರಿದರೆ ಅದು ನಿಜವಾದ ದೋಷ. ಶಿರೋಭಾಗದ ಬುಡದಲ್ಲಿ ಕಾಣುವ ಗೆರೆಯು ಬರಿಯ ಮೆರುಗಿನದೋ ಮರದೊಳಗಿನ ಬಿರುಕೋ ಎಂಬುದನ್ನು ಬಲ್ಲವರಿಗೆ ತೋರಿಸಿಯೇ ತಿಳಿಯಬೇಕು. ಪರೀಕ್ಷೆಯು ನಿಂದ್ಯವಲ್ಲ, ಪರೀಕ್ಷಿಸದೆ ಕೊಳ್ಳುವುದು ವೈರಾಗ್ಯವಲ್ಲ, ಅದು ಅಲಕ್ಷ್ಯ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. "ನಾನು ಕೊಟ್ಟ ಹಣ ಅಲ್ಪವಲ್ಲ. ನಾದಕ್ಕೆ ಮಾತ್ರವಲ್ಲ, ಅಂದಕ್ಕೂ ಸೇರಿಸಿ ಬೆಲೆಯನ್ನು ಕೊಟ್ಟಿದ್ದೇನೆ. ಸಾವಿರ ಡಾಲರಿಗೂ ಚೆನ್ನಾಗಿ ನುಡಿಯುವ ವಾದ್ಯ ಸಿಕ್ಕುತ್ತಿತ್ತು. ಹಾಗಿರುವಲ್ಲಿ ಕುಂದನ್ನು ಏಕೆ ಸಹಿಸಬೇಕು?" ಈ ಮಾತು ನ್ಯಾಯವಾದುದು, ಇದನ್ನು ತಳ್ಳಿಹಾಕತಕ್ಕದ್ದಲ್ಲ. ಮಾರುವವನು ಕುಂದನ್ನು ಮರೆಮಾಚಬಾರದು. ಅಮೆರಿಕದ ಗಿಬ್ಸನ್ ಕಂಪೆನಿಯು ಒಂದು ಕಾಲದಲ್ಲಿ, ಹೊರನೋಟದಲ್ಲಿ ಕೊರತೆಯಿದ್ದ ವಾದ್ಯಗಳ ಶಿರೋಭಾಗದ ಹಿಂದೆ 2 ಎಂಬ ಅಂಕಿಯನ್ನು ಒತ್ತಿ, ಎರಡನೆಯ ದರ್ಜೆಯವೆಂದು ಮಾರುತ್ತಿದ್ದಿತು. ಅದು ವ್ಯಾಪಾರದ ಸತ್ಯ. ಆದುದರಿಂದ ಕೊಂಡವನಿಗೆ ಮೂರು ಧರ್ಮಸಮ್ಮತವಾದ ಮಾರ್ಗಗಳಿವೆ: ಒಪ್ಪಿ ಇಟ್ಟುಕೊಳ್ಳುವುದು, ಬೆಲೆಯನ್ನು ತಗ್ಗಿಸೆಂದು ಕೇಳುವುದು, ಗಡುವಿನೊಳಗೆ ಹಿಂದಿರುಗಿಸುವುದು. ಆದರೆ ಮನುಷ್ಯನು ಆರಿಸಿಕೊಳ್ಳುವುದು ಬಹುಮಟ್ಟಿಗೆ ನಾಲ್ಕನೆಯದನ್ನು. ಹಿಂದಿರುಗಿಸುವುದೂ ಇಲ್ಲ, ಒಪ್ಪುವುದೂ ಇಲ್ಲ, ಇಟ್ಟುಕೊಂಡು ಕೊರಗುವುದು. ಮೊದಲ ಮೂರರಲ್ಲಿ ವ್ಯವಹಾರವಿದೆ. ನಾಲ್ಕನೆಯದರಲ್ಲಿ ತಾಪವೊಂದೇ ಇದೆ.

ಇನ್ನೊಂದು ವಿಚಾರವನ್ನೂ ಗಮನಿಸಬೇಕು. ಮರವು ಅಚ್ಚಿನಲ್ಲಿ ಎರೆದ ಲೋಹವಲ್ಲ. ಈ ವಾದ್ಯಗಳ ಬೆರಳಾಡಿಸುವ ಫಲಕಕ್ಕೆ ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಬೀಟೆಯನ್ನು ಬಳಸುವುದುಂಟು; ಬೀಟೆಯ ಒಂದು ಹಲಗೆಯಂತೆ ಮತ್ತೊಂದಿಲ್ಲವೆಂಬುದನ್ನು ಮಲೆನಾಡಿನ ಬಡಗಿಗಳು ಬಲ್ಲರು. ಅಂಚುಪಟ್ಟಿಯ ಮೇಲಿನ ಬಣ್ಣವನ್ನು ಕೆಲಸಗಾರನು ಕೈಯಲ್ಲಿ ಅಲಗು ಹಿಡಿದು ಹೆರೆದು ತೆಗೆಯುತ್ತಾನೆ. ಕೈಗೆಲಸವೆಂದು ಹೆಚ್ಚು ಬೆಲೆ ಕೊಟ್ಟವನು ಕೈಯ ಗುರುತನ್ನು ಕಂಡು ಮುನಿಯುವುದು ಪರಸ್ಪರ ವಿರುದ್ಧವಲ್ಲವೇ?

ಆಲಂಕಾರಿಕರು ಇನ್ನೂ ಮುಂದೆ ಹೋಗಿ, ಕೆಲವು ದೋಷಗಳು ನಿತ್ಯ, ಕೆಲವು ಅನಿತ್ಯ ಎಂದರು. ಕಿವಿಗೆ ಕರ್ಕಶವಾದ ಪದವು ಶೃಂಗಾರದಲ್ಲಿ ದೋಷ. ರೌದ್ರದಲ್ಲಿ ಅದೇ ಗುಣ. ಗಿಟಾರಿನ ಇತಿಹಾಸವು ಈ ಸಿದ್ಧಾಂತಕ್ಕೆ ವ್ಯಾಖ್ಯಾನವನ್ನು ಬರೆದಂತಿದೆ. 1958ರಿಂದ 1960ರವರೆಗೆ ಗಿಬ್ಸನ್ ಕಂಪೆನಿಯು ತಯಾರಿಸಿದ ಲೆಸ್ ಪಾಲ್ ಎಂಬ ವಾದ್ಯಗಳ ಕೆಂಪು ಬಣ್ಣವು ಬೆಳಕಿಗೆ ನಿಲ್ಲದೆ ಮಾಸಿತು. ಅಂದು ಅದು ಬಣ್ಣದ ಕೊರತೆ. ಇಂದು ಜೇನಿನಂತೆಯೂ ನಿಂಬೆಯಂತೆಯೂ ಮಾಸಿದ ಆ ವರ್ಣಗಳನ್ನೇ ಸಂಗ್ರಾಹಕರು ಹೆಸರಿಟ್ಟು ಅರಸುತ್ತಾರೆ. ಕ್ಯಾಲಿಫೋರ್ನಿಯದ ಎಡ್ಡಿ ವ್ಯಾನ್ ಹೇಲನ್ ಎಂಬ ವಾದಕನು 1970ರ ದಶಕದಲ್ಲಿ, ಮರದಲ್ಲಿ ಗಂಟಿತ್ತೆಂಬ ಕಾರಣದಿಂದ ಕೇವಲ 50 ಡಾಲರಿಗೆ ದೊರೆತ ಒಡಲನ್ನು ಕೊಂಡು ತಾನೇ ವಾದ್ಯವನ್ನು ಜೋಡಿಸಿಕೊಂಡನು. 2007ರಲ್ಲಿ ಫೆಂಡರ್ ಕಂಪೆನಿಯು ಅದರ ಸುಟ್ಟ ಕಲೆ, ಗೀರುಗಳೊಂದನ್ನೂ ಬಿಡದೆ 300 ಪ್ರತಿಕೃತಿಗಳನ್ನು ಮಾಡಿ, ಒಂದಕ್ಕೆ 25,000 ಡಾಲರು ಬೆಲೆ ಕಟ್ಟಿತು. ಐರ್ಲೆಂಡಿನ ರೋರಿ ಗ್ಯಾಲಹರ್ 1963ರಲ್ಲಿ ಕೊಂಡ ಗಿಟಾರಿನ ಬಣ್ಣವು ನುಡಿಸಿ ನುಡಿಸಿ ಬಹುಪಾಲು ಸವೆದೇ ಹೋಯಿತು. 2024ರಲ್ಲಿ ಹರಾಜಾದ ಆ ವಾದ್ಯವು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿತು. 1990ರ ದಶಕದಿಂದ ಹೊಸ ವಾದ್ಯಗಳನ್ನೇ ಬೇಕೆಂದು ಕೆರೆದು, ಸವೆಸಿ, ಹಳೆಯದರಂತೆ ಮಾಡಿ ಹೆಚ್ಚು ಬೆಲೆಗೆ ಮಾರುವ ಪದ್ಧತಿಯೂ ಬಂದಿದೆ.

ಒಬ್ಬನು ಗೀರಿಗಾಗಿ ಅಳುತ್ತಾನೆ. ಇನ್ನೊಬ್ಬನು ಗೀರಿಗಾಗಿ ಹಣ ತೆರುತ್ತಾನೆ. ಹಾಗಾದರೆ ದುಃಖವು ಗೀರಿನಲ್ಲಿದ್ದಿತೆಂದು ಹೇಳುವುದು ಹೇಗೆ? ಗೀರಿನಲ್ಲಿಯೇ ಇದ್ದರೆ ಕಂಡವರೆಲ್ಲರೂ ಅಳಬೇಕಿತ್ತು. ಅದು ಇರುವುದು "ನನ್ನದು ಕುಂದಿಲ್ಲದುದಾಗಿರಬೇಕು" ಎಂಬ ಮಮಕಾರದಲ್ಲಿ. ಕೊಟ್ಟ ಬೆಲೆಯು ಸಾರ್ಥಕವಾಯಿತೋ ಇಲ್ಲವೋ ಎಂಬ ಸಂಶಯಕ್ಕೆ ನುಡಿಸುವುದರಿಂದ ಉತ್ತರ ಪಡೆಯಬೇಕಾದವನು ನೋಡುವುದರಿಂದ ಪಡೆಯಲೆಳಸುತ್ತಾನೆ. ನೋಡಿದಷ್ಟೂ ಕಲೆಗಳು ಹೆಚ್ಚುವುವೇ ಹೊರತು ಕಡಮೆಯಾಗುವುದಿಲ್ಲ. ಕಲೆಯನ್ನರಸುವ ಕಣ್ಣಿಗೆ ತೃಪ್ತಿಯೆಂಬುದು ಇಲ್ಲ.

ಇದರಿಂದಾಗುವ ನಷ್ಟವು ವಾದ್ಯಕ್ಕೆ ಸಂಬಂಧಿಸಿದುದಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಕಣ್ಣು ಅಭ್ಯಾಸದ ದಾಸ. ದೀಪ ಹಿಡಿದು ಕುಂದನ್ನು ಹುಡುಕಲು ಕಲಿತ ಕಣ್ಣು ಪೆಟ್ಟಿಗೆಯನ್ನು ಮುಚ್ಚಿದೊಡನೆ ಸುಮ್ಮನಾಗುವುದಿಲ್ಲ. ಮಡದಿ ಬಡಿಸಿದ ಊಟದಲ್ಲಿ, ಮಗು ಬರೆದ ಅಕ್ಷರದಲ್ಲಿ, ಮನೆಗೆ ಬಂದ ಸೊಸೆಯ ನಡೆಯಲ್ಲಿ ಮುಖ್ಯವಾದುದನ್ನು ಬಿಟ್ಟು ಸಾಸಿವೆಯಷ್ಟನ್ನೇ ಕಾಣುತ್ತದೆ. ವಸ್ತುವನ್ನು ಹಿಂದಿರುಗಿಸಬಹುದು, ಹೀಗೆ ನೋಯಿಸಿದ ಮನಸ್ಸನ್ನು ಯಾವ ಅಂಗಡಿಯೂ ಬದಲಿಸಿಕೊಡದು.

ಆದುದರಿಂದ ಹೊಸ ವಸ್ತುವನ್ನು ತಂದ ಗೃಹಸ್ಥನು ಒಂದು ದಿನ, ಹೆಚ್ಚೆಂದರೆ ಎರಡು ದಿನ, ಅದನ್ನು ಚೆನ್ನಾಗಿ ಪರೀಕ್ಷಿಸಲಿ. ಮುಖ್ಯಕ್ಕೆ ಹಾನಿಯಿದ್ದರೆ ಸಂಕೋಚವಿಲ್ಲದೆ ಹಿಂದಿರುಗಿಸಲಿ. ಅಂದಕ್ಕೆ ಕೊಟ್ಟ ಬೆಲೆಗೆ ಅಂದವು ಸಾಲದೆಂದು ತೋರಿದರೆ ಅದನ್ನೂ ನೇರವಾಗಿ ಹೇಳಿ ಕೇಳಲಿ. ಆದರೆ ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದ ಮೇಲೆ ಪರೀಕ್ಷಕನ ದೀಪವನ್ನು ಆರಿಸಬೇಕು. ಅಲ್ಲಿಂದ ಮುಂದೆ ವಾದ್ಯಕ್ಕೆ ಸಾಕ್ಷಿ ಕಿವಿ ಮತ್ತು ಕೈ. ಕಣ್ಣಿಗೆ ಅಲ್ಲಿ ಅಧಿಕಾರವಿಲ್ಲ. ಹತ್ತು ವರ್ಷ ನುಡಿಸಿದವನ ಗಿಟಾರಿನ ಮೇಲೆ ಬೆರಳು, ಮೊಣಕೈ, ಗುಂಡಿಗಳು ನೂರು ಗುರುತುಗಳನ್ನು ಮಾಡಿರುತ್ತವೆ. ಮೊದಲಿನ ಸಾಸಿವೆಗುಳಿ ಯಾವುದೆಂದು ಅವನಿಗೇ ಗುರುತು ಸಿಕ್ಕದು. ನುಡಿಸದೆ ಕಾಪಾಡಿದವನಿಗೆ ಮಾತ್ರ ಆ ಒಂದು ಗುಳಿ ಕೊನೆಯವರೆಗೂ ಕಾಣುತ್ತಲೇ ಇರುತ್ತದೆ.