ವಿದ್ಯೆಯು ಯಾರ ಸೊತ್ತು?



ಕಳೆದ ಸುಗ್ಗಿ ತೀರಿದ ಮೇಲೆ ನಮ್ಮ ಸಭೆಯ ವಿಧವೆಯಾದ ಒಬ್ಬ ತಾಯಿಯು ಸಂಜೆಯ ಹೊತ್ತಿನಲ್ಲಿ ನನ್ನ ಮನೆಯ ಜಗಲಿಗೆ ಬಂದು ಕುಳಿತಳು. "ಅಯ್ಯನವರೇ, ನನಗಿರುವದು ಎರಡು ಎಕರೆ. ಅದರಲ್ಲಿ ಒಂದನ್ನು ಅಡವಿಟ್ಟು ಮಗನನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಬೇಕೆಂದಿದ್ದೇನೆ. ಅಷ್ಟು ಓದಿದ ಮೇಲೆ ಅವನು ನಮ್ಮವನಾಗಿ ಉಳಿಯುವನೋ?" ಎಂದು ಕೇಳಿದಳು. ಪಕ್ಕದಲ್ಲಿದ್ದ ಸಭೆಯ ಹಿರಿಯರೊಬ್ಬರು ನನಗಿಂತ ಮುಂಚೆಯೇ, "ಓದಿದವನಿಂದ ಊರಿಗೇನು ಬಂತಮ್ಮಾ? ಓದಿದಷ್ಟೂ ದೂರ ಹೋಗುತ್ತಾರೆ" ಅಂದರು. ಹಿರಿಯರ ಮಾತು ಕಹಿಯಾಗಿದ್ದರೂ ಸುಳ್ಳೆಂದು ನಾನು ಹೇಳಲಾರದೆ ಹೋದೆನು. ಆ ತಾಯಿಗೆ ಅಂದು ಕೊಡದ ಉತ್ತರವನ್ನು ಈಗ ಬರೆಯುತ್ತೇನೆ. ಯಾಕಂದರೆ ಈ ಪ್ರಶ್ನೆಯು ಆಕೆಯೊಬ್ಬಳದಲ್ಲ. ಮಕ್ಕಳನ್ನು ಓದಿಸುವ ಪ್ರತಿಯೊಂದು ಮನೆಯದಾಗಿದೆ.

ಮೊದಲು ಕೇಳತಕ್ಕದ್ದೇನಂದರೆ, ಉಪಕಾರ ಮಾಡುವದಕ್ಕೆ ವಿದ್ಯೆಯು ಬೇಕೋ? ಒಳ್ಳೆಯ ಮನಸ್ಸೊಂದೇ ಸಾಲದೋ? ಇದಕ್ಕೆ ವೇಲೂರಿನ ಐಡಾ ಸ್ಕಡರ್ ಎಂಬಾಕೆಯ ಜೀವಿತವು ಉತ್ತರ ಕೊಡುತ್ತದೆ. 1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದ ಈಕೆಯು ಮಿಶನರಿ ವೈದ್ಯರ ಮನೆತನದವಳು. ಯೌವನದಲ್ಲಿ ತಿಂಡಿವನದಲ್ಲಿ ತಂದೆತಾಯಿಗಳ ಸಂಗಡ ಇದ್ದಾಗ, ಒಂದೇ ರಾತ್ರಿಯಲ್ಲಿ ಮೂವರು ಗಂಡಸರು ಒಬ್ಬರ ತರುವಾಯ ಒಬ್ಬರು ಬಂದು, ಹೆರಿಗೆಯ ಸಂಕಟದಲ್ಲಿರುವ ತಮ್ಮ ಹೆಂಡಂದಿರನ್ನು ಉಳಿಸಬೇಕೆಂದು ಬೇಡಿಕೊಂಡರು. ಈಕೆಯ ತಂದೆಯು ವೈದ್ಯನೇ. ಆದರೆ ಪರಪುರುಷನು ಒಳಗೆ ಬರುವದಕ್ಕೆ ಆ ಮನೆಗಳಲ್ಲಿ ಒಪ್ಪಿಗೆಯಿರಲಿಲ್ಲ. ಈಕೆಗಾದರೋ ವೈದ್ಯವು ತಿಳಿದಿರಲಿಲ್ಲ. ಮೂವರು ಸ್ತ್ರೀಯರೂ ಸತ್ತುಹೋದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಆ ರಾತ್ರಿ ಐಡಾಳಲ್ಲಿ ಕನಿಕರಕ್ಕೆ ಕೊರತೆ ಇರಲಿಲ್ಲ, ಅರಿವಿನ ಕೊರತೆಯಿತ್ತು. ತಂದೆಯಲ್ಲಿ ಅರಿವು ಇತ್ತು, ದಾರಿ ಇರಲಿಲ್ಲ. ಕನಿಕರವು ಬಾಗಿಲ ತನಕ ಒಯ್ಯಬಲ್ಲದು. ಒಳಗೆ ಹೋಗಿ ಮಾಡತಕ್ಕದ್ದನ್ನು ಕಲಿಯಲೇ ಬೇಕು. ಐಡಾಳು ಅಮೇರಿಕಕ್ಕೆ ಹೋಗಿ, ವೈದ್ಯಶಾಸ್ತ್ರವನ್ನು ಓದಿ, 1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜಿನಿಂದ ಪದವಿಯನ್ನು ಹೊಂದಿ, 1900ರಲ್ಲಿ ತಿರಿಗಿ ಬಂದಳು. ವೇಲೂರಿನಲ್ಲಿ ಚಿಕ್ಕದಾಗಿ ಚಿಕಿತ್ಸೆಯನ್ನು ಆರಂಭಿಸಿದಳು. ತಾನೊಬ್ಬಳೇ ಎಷ್ಟು ಮನೆಗಳಿಗೆ ಹೋಗಬಹುದೆಂದು ಎಣಿಸಿ, 1918ರಲ್ಲಿ ಸ್ತ್ರೀಯರಿಗೋಸ್ಕರ ವೈದ್ಯಶಾಲೆಯನ್ನು ತೆರೆದಳು. ಅದು 1942ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ ಪದವಿಯ ಕಾಲೇಜಾಯಿತು. ಒಬ್ಬಳು ಕಲಿತದ್ದು ಅನೇಕರ ಕೈಗೆ ದಾಟಿತು. ವಿದ್ಯೆಯ ಗುಣವೇ ಇದು: ಹೊಲವನ್ನು ಹಂಚಿದರೆ ಪಾಲು ಕಡಿಮೆಯಾಗುವದು, ವಿದ್ಯೆಯನ್ನು ಹಂಚಿದರೆ ಕೊಟ್ಟವನ ಪಾಲೂ ಹಾಗೆಯೇ ಉಳಿಯುವದು.

ಎರಡನೆಯದು, ವಿಶ್ವವಿದ್ಯಾನಿಲಯವು ನಿಜವಾಗಿ ಏನನ್ನು ಕಲಿಸುತ್ತದೆ? ಪುಸ್ತಕವನ್ನು ಬಾಯಿಪಾಠ ಮಾಡುವದನ್ನೇ ಎಂದು ಕೆಲವರು ನೆನಸುತ್ತಾರೆ. ನಮ್ಮ ಮಲೆನಾಡಿನ ಅಡಿಕೆತೋಟದವರಿಗೆ ಕೊಳೆರೋಗದ ವಿಷಯ ನಾನು ತಿಳಿಸಬೇಕಾದದ್ದಿಲ್ಲ. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರಿ, ವರುಷದ ಅನ್ನವು ಮರದ ಬುಡದಲ್ಲಿ ಬಿದ್ದಿರುವದನ್ನು ಅವರು ಕಂಡಿದ್ದಾರೆ. ಹಿರಿಯರು ಗೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡುತ್ತಿದ್ದರು. 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದರು. ಕೆನಡಾ ದೇಶದ ಟೊರಾಂಟೊದಲ್ಲಿಯೂ ಜರ್ಮನಿಯ ಗೋಟಿಂಗೆನ್ನಿನಲ್ಲಿಯೂ ಓದಿದವರು ಇವರು. ಈ ರೋಗವು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಒಂದು ಬೂಷ್ಟಿನಿಂದ ಬರುವದೆಂದು ಪರೀಕ್ಷಿಸಿ, ಮಳೆಗೆ ಮುಂಚೆ ಗೊನೆಗಳಿಗೆ ಬೋರ್ಡೊ ದ್ರಾವಣವನ್ನು ಹೊಡೆಯಬೇಕೆಂದು ತೋಟದವರಿಗೆ ತೋರಿಸಿಕೊಟ್ಟರು. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರು. ಈ ಮದ್ದನ್ನು ಇಂದಿಗೂ ತೋಟಗಳಲ್ಲಿ ಹೊಡೆಯುತ್ತಾರೆ.

ಈ ಮದ್ದು ಹುಟ್ಟಿದ ಬಗೆಯು ಇನ್ನೂ ಹೆಚ್ಚು ಬೋಧಕರವಾಗಿದೆ. ಫ್ರಾನ್ಸ್ ದೇಶದ ಬೋರ್ಡೊ ಸೀಮೆಯ ದ್ರಾಕ್ಷೇತೋಟದವರು, ದಾರಿಹೋಕರು ಹಣ್ಣನ್ನು ಕದ್ದು ತಿನ್ನದಿರಲೆಂದು, ದಾರಿಯ ಬದಿಯ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಬಳಿಯುತ್ತಿದ್ದರು. ಅಲ್ಲಿಯ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರದ ಉಪಾಧ್ಯಾಯರಾದ ಮಿಲಾರ್ದೆ ಎಂಬವರು ಆ ದಾರಿಯಲ್ಲಿ ಹೋಗುತ್ತಿರುವಾಗ, ಮಿಕ್ಕ ಬಳ್ಳಿಗಳ ಎಲೆಗಳು ರೋಗದಿಂದ ಉದುರಿದ್ದರೂ ಬಳಿದ ಬಳ್ಳಿಗಳು ಹಸುರಾಗಿರುವದನ್ನು ಕಂಡರು. ಇದು ಹೇಗೆ ಎಂದು ಕೇಳಿಕೊಂಡರು, ಪರೀಕ್ಷಿಸಿ ನೋಡಿದರು, 1885ರಲ್ಲಿ ಫಲವನ್ನು ಪ್ರಕಟಿಸಿದರು. ನೋಡಿದಿರಾ! ಮದ್ದು ರೈತನ ಕೈಯಲ್ಲಿಯೇ ಇತ್ತು, ಆದರೆ ಕಳ್ಳನನ್ನು ಓಡಿಸುವದಕ್ಕಾಗಿ ಇತ್ತು. ಪಂಡಿತನು ಅದನ್ನು ಹೊಸದಾಗಿ ಸೃಷ್ಟಿಸಲಿಲ್ಲ, ಎಲ್ಲರೂ ನಡೆಯುವ ದಾರಿಯಲ್ಲಿ ನಡೆದು, "ಯಾಕೆ?" ಎಂದು ಕೇಳಿದನು. ಕಂಡದ್ದನ್ನು ನಿಂತು ನೋಡುವದು, ಕಾರಣವನ್ನು ಹುಡುಕುವದು, ತನ್ನ ಊಹೆಯು ತಪ್ಪಾಗಿರಬಹುದೆಂದು ಪರೀಕ್ಷಿಸುವದು, ನಿಜವೆಂದು ತಿಳಿದದ್ದನ್ನು ಬಚ್ಚಿಡದೆ ಹೇಳುವದು: ಒಳ್ಳೆಯ ವಿಶ್ವವಿದ್ಯಾನಿಲಯವು ಕಲಿಸುವದು ಇವನ್ನೇ. ರೈತನನ್ನು ಹಳ್ಳಿಗನೆಂದು ತಿರಸ್ಕರಿಸಿದ ಪಂಡಿತನಿಗೆ ಆ ಹಸುರು ಬಳ್ಳಿಯು ಕಾಣುತ್ತಲೇ ಇರಲಿಲ್ಲ.

ಮೂರನೆಯದು, ಅನ್ಯಾಯದ ವಿಷಯ. ಡಾಕ್ಟರ್ ಅಂಬೇಡ್ಕರರು ಬರೋಡಾ ಮಹಾರಾಜರ ಸಹಾಯದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು; ಆಮೇಲೆ ಲಂಡನ್ನಿನಲ್ಲಿಯೂ ಓದಿದರು. 1917ರಲ್ಲಿ ಬರೋಡಾದ ಉದ್ಯೋಗಕ್ಕೆ ಬಂದಾಗ, ಅವರ ಜಾತಿಯ ನಿಮಿತ್ತ ತಂಗಿದ್ದ ವಸತಿಗೃಹದಿಂದ ಹೊರಡಿಸಲ್ಪಟ್ಟರು. ಪದವಿಯು ಅವರಿಗೆ ಮಲಗುವದಕ್ಕೆ ಒಂದು ಕೋಣೆಯನ್ನೂ ಕೊಡಿಸಲಿಲ್ಲ. ಹಾಗಾದರೆ ಓದು ವ್ಯರ್ಥವಾಯಿತೋ? ಇಲ್ಲ. 1927ರಲ್ಲಿ ಮಹಾಡದ ಕೆರೆಯ ನೀರನ್ನು ಕುಡಿಯುವ ಹಕ್ಕಿಗಾಗಿ ಜನರ ಮುಂದಾಳಾಗಿ ನಡೆದರು. 1947ರಲ್ಲಿ ಸಂವಿಧಾನದ ಕರಡನ್ನು ಸಿದ್ಧಪಡಿಸುವ ಸಮಿತಿಯ ಅಧ್ಯಕ್ಷರಾದರು. 1950ರಲ್ಲಿ ಜಾರಿಗೆ ಬಂದ ಆ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಅವಮಾನವನ್ನು ತಿಂದವರು ಲಕ್ಷಾಂತರ ಮಂದಿ ಇದ್ದರು. ಅದನ್ನು ದೇಶದ ಕಾನೂನಿನ ಮಾತಾಗಿ ತಿರುಗಿಸಿ ಬರೆಯುವದಕ್ಕೆ ಕಲಿತ ಕೈ ಬೇಕಾಗಿತ್ತು.

ಆದರೂ ನಮ್ಮ ಹಿರಿಯರ ಮಾತನ್ನು ನಾನು ಮರೆಯಲಿಲ್ಲ. ಓದು ಮನುಷ್ಯನನ್ನು ಸಿದ್ಧಪಡಿಸುತ್ತದೆ. ಒಳ್ಳೆಯವನನ್ನಾಗಿ ಮಾಡಿಬಿಡುವದೆಂದು ಯಾರೂ ಮಾತು ಕೊಡಲಾರರು. ಮದ್ದು ಕಲಸುವ ವಿದ್ಯೆಯಿಂದಲೇ ಕಲಬೆರಕೆಯನ್ನೂ ಮಾಡಬಹುದು. ಅಕ್ಷರ ಬಾರದವನ ಹೊಲವನ್ನು ಕಾಗದದ ಮೇಲೆ ನುಂಗುವವನೂ ಓದಿದವನೇ. ಕುಡಗೋಲನ್ನು ಮಸೆಯುವದು ಒಂದು ಕೆಲಸ, ಯಾವ ಬೆಳೆಯನ್ನು ಕೊಯ್ಯಬೇಕೆಂಬದು ಬೇರೊಂದು ಪ್ರಶ್ನೆ. ನಾನೂ ತಪ್ಪಿದವನೇ. ಸೆಮಿನರಿಯಿಂದ ಹೊಸದಾಗಿ ಬಂದಾಗ, ಗ್ರಂಥದ ದೊಡ್ಡ ಮಾತುಗಳಿಂದ ಮುಕ್ಕಾಲು ಗಂಟೆ ಪ್ರಸಂಗ ಮಾಡಿದೆನು. ಮುಗಿದ ಮೇಲೆ ಒಬ್ಬ ಮುದುಕಿಯು, "ಮಗಾ, ಚೆನ್ನಾಗಿ ಹೇಳಿದಿ, ಯಾರಿಗೆ ಹೇಳಿದಿ?" ಎಂದು ಕೇಳಿದಳು. ಸೆಮಿನರಿಯ ಯಾವ ಪರೀಕ್ಷೆಯಲ್ಲಿಯೂ ಅಂಥ ಪ್ರಶ್ನೆಯು ನನಗೆ ಬಂದಿರಲಿಲ್ಲ.

ಆದದರಿಂದ ಆ ತಾಯಿಗೆ ನನ್ನ ಉತ್ತರವಿದು. ಅಮ್ಮಾ, ನಿನ್ನ ಮಗನು ಊರಿಗೆ ತಿರಿಗಿ ಬರುವನೋ ಎಂಬದನ್ನೇ ಅಳತೆಗೋಲು ಮಾಡಬೇಡ. ಕೋಲ್ಮನ್ನರು ತಮ್ಮ ಊರನ್ನು ಬಿಟ್ಟು ಬಂದದ್ದರಿಂದಲೇ ನಮ್ಮ ತೋಟಗಳಿಗೆ ಉಪಕಾರವಾಯಿತು. ಊರಲ್ಲೇ ಇದ್ದು ನೆರೆಯವನಿಗೆ ಬಾಗಿಲು ಮುಚ್ಚಿದವನು ಬಹು ದೂರ ಹೋದವನೇ. ಅವನು ಎಲ್ಲಿದ್ದಾನೆಂದು ಕೇಳುವದಕ್ಕಿಂತ, ಅವನ ವಿದ್ಯೆಯು ಯಾರಿಗೆ ಮುಟ್ಟುತ್ತದೆಂದು ಕೇಳು. ಆದರೆ ಹೊಲವನ್ನು ಅಡವಿಡುವ ಮುಂಚೆ ಸಿಕ್ಕುವ ವಿದ್ಯಾರ್ಥಿವೇತನಗಳನ್ನೆಲ್ಲಾ ವಿಚಾರಿಸು. ಅರ್ಜಿ ಬರೆಯುವದಕ್ಕೆ ನಾನಿದ್ದೇನೆ.

ಸಭೆಯವರೇ, ನಮಗೂ ಒಂದು ಕೆಲಸವುಂಟು. ಹುಡುಗನು ರಜೆಗೆ ಬಂದಾಗ, "ಎಷ್ಟು ಸಂಬಳ ಬರುವದು?" ಎಂಬದೊಂದನ್ನೇ ನಾವು ಕೇಳಿದರೆ, ಓದು ಸಂಬಳಕ್ಕೋಸ್ಕರವೇ ಎಂದು ಅವನಿಗೆ ಕಲಿಸುವವರು ನಾವೇ. ಅದರ ಬದಲಾಗಿ ನಮ್ಮ ಬಾವಿಯ ನೀರು ಯಾಕೆ ಸವುಳಾಯಿತು, ಈ ಪತ್ರದಲ್ಲಿ ಏನು ಬರೆದದೆ, ಈ ಕೂಸಿಗೆ ಯಾಕೆ ಮತ್ತೆ ಮತ್ತೆ ಜ್ವರ ಬರುತ್ತದೆ ಎಂದು ಕೇಳೋಣ. ಅವನಿಗೆ ತಿಳಿಯದಿದ್ದರೆ ಆ ಪ್ರಶ್ನೆಯನ್ನು ಬುತ್ತಿಯ ಸಂಗಡ ಕಟ್ಟಿ ಕಳುಹಿಸೋಣ. ಅವನ ಓದಿನ ವೆಚ್ಚವನ್ನು ತೆತ್ತವಳು ಹೆತ್ತ ತಾಯಿಯೊಬ್ಬಳೇ ಅಲ್ಲ. ಸರಕಾರಕ್ಕೆ ತೆರಿಗೆ ಕೊಡುವ ಪ್ರತಿಯೊಬ್ಬ ಕೂಲಿಯವನ ಕಾಸೂ ಅದರಲ್ಲಿ ಸೇರಿದೆ. ವಿದ್ಯೆಯು ಪಡೆದವನ ಕೈಯಲ್ಲಿರುವ ಹೊಣೆಯೇ ಹೊರತು ಅವನೊಬ್ಬನ ಸೊತ್ತಲ್ಲ. ಹೂತಿಟ್ಟ ತಲಾಂತಿಗೆ ಲೆಕ್ಕ ಕೇಳಲ್ಪಟ್ಟ ಸೇವಕನ ಕಥೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವಲ್ಲಾ. ಅವರು ದೊಡ್ಡವರಾದ ಮೇಲೂ ಅದನ್ನು ನೆನಪು ಮಾಡಿಕೊಡುವದು ನಮ್ಮ ಪಾಲಿನ ಕೆಲಸ.

ಆ ಹುಡುಗನು ಬರುವ ತಿಂಗಳು ಹೊರಡುವನು. ಪ್ರಶ್ನೆಗಳನ್ನು ಸಿದ್ಧಮಾಡಿಟ್ಟುಕೊಳ್ಳಿರಿ.