ಹಡಗಿನಲ್ಲಿ ದುಡ್ಡು ವಸೂಲಾಗುವುದು ಹೇಗೆ

ಹಡಗು ಮಯಾಮಿ ಬಂದರು ಬಿಟ್ಟು ಒಂದು ಗಂಟೆ ಆಗಿತ್ತಷ್ಟೆ. ಅಳಿಯ ಬಫೆಯಿಂದ ಎರಡು ತಟ್ಟೆ ಹಿಡಿದುಕೊಂಡು ಬಂದ. ಒಂದರಲ್ಲಿ ಪಿಜ್ಜಾ, ಪಾಸ್ತಾ, ಕರಿದ ಆಲೂಗಡ್ಡೆ, ಅದರ ಮೇಲೆ ಇನ್ನೇನು ಜಾರಿ ಬೀಳಲಿದ್ದ ಕೇಕಿನ ತುಂಡು. ಇನ್ನೊಂದರಲ್ಲಿ ಅನ್ನ, ದಾಲ್, ನಾನ್, ಪಕ್ಕದಲ್ಲೇ ಕಲ್ಲಂಗಡಿ. ದಾಲಿನ ತಿಳಿ ಹರಿದು ಕಲ್ಲಂಗಡಿಯ ಅಂಚು ಹಳದಿಯಾಗಿತ್ತು. "ತಿನ್ನಿ ಅತ್ತೆ, ಎಲ್ಲಕ್ಕೂ ಮೊದಲೇ ಕೊಟ್ಟಾಗಿದೆ. ವಸೂಲಿ ಮಾಡ್ಬೇಕಲ್ಲ" ಎಂದ. ನಾವು ಆರು ಜನ ಸೇರಿ ಅರ್ಧ ತಿಂದೆವು. ಉಳಿದದ್ದನ್ನು ಟೇಬಲ್ ಒರೆಸುವ ಹುಡುಗ ಎತ್ತಿಕೊಂಡು ಹೋದ.

ಅಳಿಯನನ್ನು ದೂರುತ್ತಿಲ್ಲ. ಮದುವೆ ಮನೆಯಲ್ಲಾಗಲಿ, ಬಸ್ ಟೂರಿನಲ್ಲಾಗಲಿ, ನಾವೆಲ್ಲರೂ ಕಲಿತ ಲೆಕ್ಕವೇ ಅದು. ಕೊಟ್ಟಿದ್ದಕ್ಕೆ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳಬೇಕು. ಮೊದಲ ಎರಡು ದಿನ ನಾವು ಹಾಗೇ ಓಡಾಡಿದೆವು. ಬೆಳಿಗ್ಗೆ ಗೋಡೆ ಹತ್ತುವ ಆಟ, ಆಮೇಲೆ ನೀರಿನ ಜಾರುಬಂಡೆಗೆ ನಲವತ್ತು ನಿಮಿಷದ ಸಾಲು, ಮಧ್ಯಾಹ್ನ ಮತ್ತೆ ಬಫೆ, ಸಂಜೆ ಐಸ್ ಮೇಲಿನ ನೃತ್ಯ, ರಾತ್ರಿ ನಾಟಕ, ಹನ್ನೊಂದಕ್ಕೆ ಇನ್ನೊಮ್ಮೆ ತಿಂಡಿ. ಎರಡನೆಯ ರಾತ್ರಿ ಚಿಕ್ಕ ಮೊಮ್ಮಗಳು ಲಿಫ್ಟಿನಲ್ಲೇ ಅಳುತ್ತಾ ನಿದ್ದೆ ಹೋದಳು.

ಮೂರನೆಯ ದಿನ ಬೆಳಗಿನ ಜಾವ ಎಚ್ಚರವಾದಾಗ ನಮ್ಮ ಮನೆಯವರು ಹಾಸಿಗೆಯಲ್ಲಿರಲಿಲ್ಲ. ಎಪ್ಪತ್ತೊಂದರ ವಯಸ್ಸು, ಗುರುತು ಪರಿಚಯ ಇಲ್ಲದ ದೊಡ್ಡ ಹಡಗು. ಎದೆ ಧಸಕ್ಕೆಂದಿತು. ಹುಡುಕುತ್ತಾ ಹೋದರೆ ಐದನೇ ಡೆಕ್ಕಿನ ಹೊರಗಿನ ನಡಿಗೆ ದಾರಿಯಲ್ಲಿ ಕಂಬಿ ಹಿಡಿದು ಒಬ್ಬರೇ ನಿಂತಿದ್ದರು. ಪೂರ್ವದಲ್ಲಿ ನೀರು ಆಕಾಶ ಕೂಡುವ ಗೆರೆ ಕೆಂಪೇರುತ್ತಿತ್ತು. "ಮಾತಾಡ್ಬೇಡ, ನೋಡು" ಅಂದರು. ಉಗುರಿನಷ್ಟು ಕೆಂಪು ನೀರಿನಿಂದ ಮೇಲೆದ್ದಿತು, ನೋಡುನೋಡುತ್ತಾ ಅರ್ಧ ಬಿಲ್ಲೆಯಾಯಿತು, ಆಮೇಲೆ ಪೂರ್ತಿ ಬಿಡಿಸಿಕೊಂಡು ನಿಂತಿತು. "ನಮ್ಮ ಕಡೆ ಸೂರ್ಯ ಸಮುದ್ರದಲ್ಲಿ ಮುಳುಗೋದನ್ನಷ್ಟೇ ನೋಡಿದ್ದು. ಮಲ್ಪೆ, ಗೋಕರ್ಣ, ಕಾರವಾರ, ಎಲ್ಲಿ ನಿಂತ್ರೂ ಅಷ್ಟೇ. ನೀರಿನಿಂದ ಹುಟ್ಟಿ ಬರೋದನ್ನ ಒಂದ್ಸಲ ನೋಡ್ಬೇಕು ಅಂತಿತ್ತು" ಎಂದರು. ನಲವತ್ಮೂರು ವರ್ಷ ಸಂಸಾರ ಮಾಡಿದ ನನಗೆ ಅದು ಗೊತ್ತಿರಲಿಲ್ಲ. ಯಾರೂ ಅವರನ್ನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆ ಸೂರ್ಯೋದಯಕ್ಕೆ ಸಾಲಿರಲಿಲ್ಲ, ಬಿಲ್ಲೂ ಇರಲಿಲ್ಲ.

ಅವತ್ತು ತಿಂಡಿಯ ಹೊತ್ತಿಗೆ ನಾನೇ ಮಾತು ತೆಗೆದೆ. ಉಳಿದ ದಿನಗಳಲ್ಲಿ ಯಾರಿಗೆ ಏನು ಬೇಕು, ಒಬ್ಬೊಬ್ಬರೂ ಎರಡೇ ಹೇಳಿ. ಮೊಮ್ಮಗನಿಗೆ ಜಾರುಬಂಡೆ ಮತ್ತು ಗಾಳಿಪಟ. ಮಗಳಿಗೆ ಗಂಡನ ಜೊತೆ ಒಂದು ರಾತ್ರಿ ನಿಧಾನದ ಊಟ, ಒಂದು ಮಧ್ಯಾಹ್ನ ನಿದ್ದೆ. ನನಗೆ ಪುಸ್ತಕ, ಸಾರು ಅನ್ನ. ಎಲ್ಲ ಸೇರಿ ಹನ್ನೆರಡು ಆಸೆ, ನಾಲ್ಕೂವರೆ ದಿನ. ಆರಾಮಾಗಿ ಆಯಿತು, ಸಮಯ ಮಿಕ್ಕಿತು.

ಇಂದಿನ ದೊಡ್ಡ ಹಡಗುಗಳ ಗಾತ್ರ ತಿಳಿದರೆ ಈ ಆಯ್ಕೆ ಏಕೆ ಬೇಕು ಎಂಬುದು ಅರ್ಥವಾಗುತ್ತದೆ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಪ್ರಯಾಣ ಹೊರಟ 'ಐಕಾನ್ ಆಫ್ ದಿ ಸೀಸ್' ಸುಮಾರು 365 ಮೀಟರ್ ಉದ್ದ, 20 ಡೆಕ್. ತುಂಬಿದರೆ 7,600 ಪ್ರಯಾಣಿಕರು, ಅವರ ಸೇವೆಗೆ 2,350 ಸಿಬ್ಬಂದಿ. ನಮ್ಮದು ಅದಕ್ಕಿಂತ ಚಿಕ್ಕದು, ಆದರೂ ಒಂದು ಹೋಬಳಿ ಕೇಂದ್ರದಷ್ಟು ಜನ. ಅಲ್ಲಿರುವುದನ್ನೆಲ್ಲ ಏಳು ದಿನದಲ್ಲಿ ಮುಗಿಸಲು ಯಾರಿಂದಲೂ ಆಗುವುದಿಲ್ಲ. ಟಿಕೆಟ್ಟಿನ ಹಣ ಬುಕ್ ಮಾಡಿದ ದಿನವೇ ಹೋಗಿರುತ್ತದೆ. ಹಡಗು ಹತ್ತಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ದಿನಗಳು ಮಾತ್ರ, ಜಿಪುಣತನ ಮಾಡುವುದಿದ್ದರೆ ಅವುಗಳ ವಿಷಯದಲ್ಲಿ ಮಾಡಬೇಕು.

ಹಾಗೆಂದು ಹಣದ ವಿಷಯ ಹಗುರವಲ್ಲ. ಆದರೆ ಅದರಲ್ಲಿ ಎಚ್ಚರ ವಹಿಸಬೇಕಾದದ್ದು ಹತ್ತುವ ಮೊದಲು. ಜಾಹೀರಾತಿನಲ್ಲಿ ಕಾಣುವ ದರ ಸಾಮಾನ್ಯವಾಗಿ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರೆ ತಲೆಗೆ ಬೀಳುವ ದರ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ಹಣ ತೆರಬೇಕಾಗುತ್ತದೆ. ಅದರ ಮೇಲೆ ಟಿಪ್ಸ್. ಅಮೆರಿಕದ ಹಡಗುಗಳಲ್ಲಿ ಇದನ್ನು ನಾವೇ ಕೈಯಾರೆ ಕೊಡುವುದೆಂದು ಅನೇಕರು ತಿಳಿದಿರುತ್ತಾರೆ. ಆದರೆ ಅದು ದಿನದ ಲೆಕ್ಕದಲ್ಲಿ ತಾನಾಗಿಯೇ ಖಾತೆಗೆ ಸೇರುತ್ತದೆ, ಮಕ್ಕಳಿಗೂ ಹಿಡಿಯುತ್ತಾರೆ. ತಲೆಗೆ ದಿನಕ್ಕೆ 18 ಡಾಲರ್ ಎಂದಿಟ್ಟುಕೊಂಡರೂ ನಾಲ್ವರ ಕುಟುಂಬಕ್ಕೆ ಏಳು ದಿನಕ್ಕೆ 504 ಡಾಲರ್. ಮೊದಲೇ ಲೆಕ್ಕದಲ್ಲಿ ಸೇರಿಸಿಕೊಂಡವರಿಗೆ ಇದು ನೋಯುವುದಿಲ್ಲ. ಕೊನೆಯ ದಿನ ಬಿಲ್ಲಿನಲ್ಲಿ ಕಂಡವರು ಕೌಂಟರಿನಲ್ಲಿ ಜಗಳಕ್ಕೆ ನಿಂತಿದ್ದನ್ನು ನೋಡಿದ್ದೇನೆ.

ಪಾನೀಯದ ಪ್ಯಾಕೇಜನ್ನು ಯೋಚಿಸಿ ಕೊಳ್ಳಬೇಕು. ಹಲವು ಕಂಪನಿಗಳಲ್ಲಿ ಮದ್ಯದ ಪ್ಯಾಕೇಜನ್ನು ಒಬ್ಬರು ಕೊಂಡರೆ ಅದೇ ಕ್ಯಾಬಿನ್‌ನ ಇನ್ನೊಬ್ಬ ವಯಸ್ಕರೂ ಕೊಳ್ಳಬೇಕೆಂಬ ನಿಯಮವಿದೆ. ಕುಡಿಯದ ಅಥವಾ ಅಪರೂಪಕ್ಕೆ ಕುಡಿಯುವ ನಮ್ಮಂಥ ಮನೆಗಳಿಗೆ ಅದು ಶುದ್ಧ ನಷ್ಟ. ನೀರು, ಚಹಾ, ಕಾಫಿ, ನಿಂಬೆ ಪಾನಕ ಬಫೆಯಲ್ಲಿ ಹೇಗೂ ಇರುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕದೆ ಬಿಟ್ಟರೆ ಅದು ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಂಡು ರೋಮಿಂಗ್ ದುಡ್ಡು ಎಳೆಯುತ್ತದೆ. ನಾನು ಬೆಂಗಳೂರಿಗೆ ಫೋನ್ ಮಾಡಿ ಆಡಿದ ಒಂದು ಸಣ್ಣ ಮಾತಿಗೆ ಬಂದ ಬಿಲ್ಲು ನೋಡಿ ಮಗಳು ದಂಗಾದಳು. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆವು. ಹಡಗಿನಲ್ಲಿ ನಗದು ಓಡುವುದಿಲ್ಲ, ಎಲ್ಲವೂ ಕಾರ್ಡು ತೋರಿಸಿ ಖಾತೆಗೆ ಬರೆಸುವುದು. ದಿನಾ ರಾತ್ರಿ ಮಲಗುವ ಮೊದಲು ಆ್ಯಪ್‌ನಲ್ಲಿ ಅವತ್ತಿನ ಲೆಕ್ಕ ನೋಡುವುದು. ಎರಡು ನಿಮಿಷದ ಕೆಲಸ. ನಾಲ್ಕನೆಯ ರಾತ್ರಿ ನಾವು ತೆಗೆದುಕೊಳ್ಳದ ಫೋಟೊಗಳ ಹಣ ಅದರಲ್ಲಿ ಕಂಡಿತು, ಹೇಳಿದ ಕೂಡಲೇ ತೆಗೆದರು.

ಕ್ಯಾಬಿನ್ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಇಡೀ ದಿನ ಹೊರಗೇ ಇರುವವರಿಗೆ ಕಿಟಕಿಯಿಲ್ಲದ ಒಳಗಿನ ಕೋಣೆ ಸಾಕು. ಬೇಗ ದಣಿಯುವ ಹಿರಿಯರಿಗೆ ಮಾತ್ರ ಬಾಲ್ಕನಿ ಕೊಡಿಸಿ. ಅವರು ಅರ್ಧ ದಿನ ಅಲ್ಲೇ ಕೂರುತ್ತಾರೆ, ಆ ಹಣ ವ್ಯರ್ಥವಾಗದು. ತಲೆಸುತ್ತು ಬರುವವರಿಗೆ ಹಡಗಿನ ನಡುಭಾಗದ, ಕೆಳ ಡೆಕ್ಕಿನ ಕೋಣೆ ಒಳ್ಳೆಯದು, ಅಲ್ಲಿ ತೂಗಾಟ ಕಡಿಮೆ. ನಕ್ಷೆಯಲ್ಲಿ ನಿಮ್ಮ ಕೋಣೆಯ ಮೇಲೆ ಏನಿದೆ ಎಂದೂ ನೋಡಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆದಾಡುವ ಸದ್ದಿಗೇ ಏಳಬೇಕು.

ಕೆರಿಬಿಯನ್ ಕಡೆ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ದರ ಇಳಿಯುವುದಕ್ಕೆ ಅದೂ ಒಂದು ಕಾರಣ. ಬಿರುಗಾಳಿ ಎದ್ದರೆ ಹಡಗು ದಾರಿ ಬದಲಿಸಿ ಬೇರೆ ಬಂದರಿಗೆ ಹೋಗುತ್ತದೆ. ಅದಕ್ಕೆ ಮನಸ್ಸು ಒಪ್ಪಿದರೆ ಆ ಅಗ್ಗ ನಿಜವಾದ ಅಗ್ಗ. ಒಪ್ಪದವರು ಹೊಸವರ್ಷದ ಗದ್ದಲ ಮುಗಿದ ಜನವರಿಯ ವಾರಗಳನ್ನು ನೋಡಲಿ. ಯಾವ ತಿಂಗಳಾದರೂ ವಿಮಾನದಲ್ಲಿ ಬರುವವರು ಒಂದು ದಿನ ಮೊದಲೇ ಬಂದರಿನ ಊರಿಗೆ ಸೇರಿಕೊಳ್ಳಬೇಕು. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ. ಗುಳಿಗೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಬಂದರಿನಲ್ಲಿ ಕೊಟ್ಟ ಸೂಟ್‌ಕೇಸ್ ಕೋಣೆಗೆ ಬರುವಾಗ ಎಷ್ಟೋ ಸಲ ರಾತ್ರಿಯಾಗಿರುತ್ತದೆ. ನಮ್ಮ ಮನೆಯವರ ಬಿಪಿ ಗುಳಿಗೆ ಅದರಲ್ಲೇ ಇತ್ತು, ಒಂಬತ್ತು ಗಂಟೆಯವರೆಗೆ ನನ್ನ ಜೀವ ಕೈಯಲ್ಲಿತ್ತು. ಹಡಗಿನ ವೈದ್ಯರ ಶುಲ್ಕವೂ ದುಬಾರಿ. ಮಕ್ಕಳು ಅಪ್ಪ ಅಮ್ಮನಿಗಾಗಿ ಮಾಡಿಸಿದ ವಿಮೆ ಸಮುದ್ರದ ಮೇಲೂ ನಡೆಯುತ್ತದೆಯೇ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಬೇಕು.

ನಾಲ್ಕನೆಯ ದಿನ ಪೋರ್ಟೊರಿಕೊದ ಸ್ಯಾನ್ ಹುವಾನ್. ಹಡಗಿನವರ ಬಸ್ ಪ್ರವಾಸಕ್ಕೆ ಆರು ಜನರ ಲೆಕ್ಕ ಹಾಕಿದರೆ ನೂರಾರು ಡಾಲರ್ ಆಗುತ್ತಿತ್ತು. ಆದರೆ ಹಳೆಯ ಊರು ಹಡಗುಕಟ್ಟೆಯ ಎದುರಿಗೇ ಇದೆ. ನಡೆದೇ ಹೋದೆವು. ಸ್ಪೇನ್‌ನವರು 16ನೇ ಶತಮಾನದಲ್ಲಿ ಕಟ್ಟಲು ತೊಡಗಿದ ಎಲ್ ಮೊರ್ರೊ ಕೋಟೆ, ಅದರಾಚೆಗಿನ ಸ್ಯಾನ್ ಕ್ರಿಸ್ಟೊಬಾಲ್ ಕೋಟೆ, ಎರಡೂ 1983ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ದೊಡ್ಡವರಿಗೆ 10 ಡಾಲರ್ ಟಿಕೆಟ್, ಅದರಲ್ಲೇ ಎರಡೂ ಕೋಟೆ, ಮಕ್ಕಳಿಗೆ ಉಚಿತ. ಎಲ್ ಮೊರ್ರೊ ಮುಂದಿನ ವಿಶಾಲ ಹುಲ್ಲುಗಾವಲಿನಲ್ಲಿ ಊರಿನ ಮಕ್ಕಳೆಲ್ಲ ಗಾಳಿಪಟ ಬಿಡುತ್ತಾರೆ. ಮೊಮ್ಮಗನ ಪಟ ಮೂರು ಸಲ ನೆಲ ಕಚ್ಚಿತು. ನಾಲ್ಕನೆಯ ಸಲ ಅವನ ತಾತ ದಾರ ಹಿಡಿದು, ಕಡೂರಿನ ಮೈದಾನದಲ್ಲಿ ಬಿಡುತ್ತಿದ್ದ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು ಜಗ್ಗಿದರು, ಪಟ ಕೋಟೆಯ ಗೋಡೆಗಿಂತ ಮೇಲೇರಿತು. "ತಾತ, ಕೊಡಬೇಡಿ, ನೀವೇ ಹಿಡ್ಕೊಳ್ಳಿ!" ಎಂದು ಅವನು ಕುಣಿದ.

ಬಂದರು ದೂರವಿದ್ದರೆ ಮಾತು ಬೇರೆ. ರೋಮ್ ನೋಡಲು ಹಡಗು ನಿಲ್ಲುವ ಚಿವಿತಾವೆಕ್ಯಾದಿಂದ ಎಪ್ಪತ್ತು ಎಂಬತ್ತು ಕಿಲೋಮೀಟರ್ ಹೋಗಬೇಕು. ಅಂಥ ಕಡೆ ಹಡಗಿನವರ ಪ್ರವಾಸವನ್ನೇ ತೆಗೆದುಕೊಳ್ಳುವುದು ಕ್ಷೇಮ. ತಮ್ಮ ಬಸ್ ತಡವಾದರೆ ಅವರು ಕಾಯುತ್ತಾರೆ, ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಗಡಿಯಾರದಲ್ಲಿ ಹಡಗಿನ ಸಮಯ ಇಟ್ಟುಕೊಳ್ಳಿ, ಊರಿನ ಸಮಯ ಬೇರೆ ಇರಬಹುದು. ಜಾರುಬಂಡೆಯ ಹುಚ್ಚಿರುವ ಮಕ್ಕಳಿದ್ದರೆ ಬಂದರಿನ ದಿನ ಸ್ವಲ್ಪ ಬೇಗ ವಾಪಸು ಬನ್ನಿ. ಎಲ್ಲರೂ ಊರೊಳಗಿರುವಾಗ ಮೊಮ್ಮಗ ಸಾಲಿಲ್ಲದೆ ಹನ್ನೊಂದು ಸಲ ಜಾರಿದ.

ನನ್ನ ಸಾರು ಅನ್ನದ ಕಥೆ ಹೇಳಲೇಬೇಕು. ನಮ್ಮ ಕೋಣೆ ಚೊಕ್ಕಟ ಮಾಡುತ್ತಿದ್ದ ಹುಡುಗ ಮಂಗಳೂರು ಕಡೆಯವನು. ಗೋವಾ, ಮಂಗಳೂರಿನವರು ಇಂಥ ಹಡಗುಗಳಲ್ಲಿ ಹಿಂದಿನಿಂದಲೂ ದುಡಿಯುತ್ತಿದ್ದಾರೆ. ನಾವು ಕನ್ನಡ ಆಡಿದ್ದು ಕೇಳಿ ಅವನ ಮುಖ ಅರಳಿತು. ಮನೆ ಬಿಟ್ಟು ಆರು ತಿಂಗಳಾಗಿತ್ತು, ಇನ್ನೂ ಎರಡು ತಿಂಗಳ ಒಪ್ಪಂದ ಬಾಕಿ, ವಾರದ ರಜೆ ಎಂಬುದಿಲ್ಲ. "ಅಮ್ಮ, ಬಫೆಯಲ್ಲಿ ಹುಡುಕ್ಬೇಡಿ ಮಾರಾಯ್ರೆ. ದೊಡ್ಡ ಡೈನಿಂಗ್ ಹಾಲಿನ ಹೆಡ್ ವೇಟರ್ ಹತ್ರ ಇವತ್ತೇ ಹೇಳಿ, ನಾಳೆ ರಾತ್ರಿಗೆ ಮಾಡಿಸಿ ಕೊಡ್ತಾರೆ" ಎಂದ. ಹೇಳಿದೆ. ಮರುದಿನ ಬಿಳಿ ಅನ್ನ, ಬೇಳೆ, ಬೆಂಡೆಕಾಯಿ ಪಲ್ಯ ಬಂತು. ಅದು ನಮ್ಮ ಮನೆ ಸಾರಲ್ಲ, ಆದರೂ ಐದು ದಿನದ ಮೇಲೆ ಅದನ್ನು ಕಲಸಿ ತಿಂದಾಗ ಕಣ್ಣು ತುಂಬಿತು. ಅದಕ್ಕೆ ಬೇರೆ ಹಣವಿಲ್ಲ. ಒಂದು ದಿನ ಮೊದಲು, ಗೌರವದಿಂದ ಕೇಳಬೇಕಷ್ಟೆ.

ಆ ಹುಡುಗನ ಮುಂದೆ ನನಗೆ ಮೊದಲ ದಿನದ ತಟ್ಟೆ ನೆನಪಾಗಿ ನಾಚಿಕೆಯಾಯಿತು. ಬಡಿಸಿಕೊಂಡು ಬಿಟ್ಟ ಅನ್ನವನ್ನು ಯಾರೋ ಎತ್ತುತ್ತಾರೆ, ಹಡಗಿನಲ್ಲಿ ಅದನ್ನು ಅರೆದು ದಡದಿಂದ ದೂರ ಸಮುದ್ರಕ್ಕೆ ಬಿಡುವುದೂ ಉಂಟು. ಮನೆಯಲ್ಲಿ ಅನ್ನದ ಅಗುಳು ಚೆಲ್ಲಿದರೆ ಬೈಯುವ ನಾವು ಅಲ್ಲಿ ಏಕೆ ಬೇರೆಯವರಾಗಬೇಕು? ಟವೆಲ್ ಹಾಸಿ ಈಜುಕೊಳದ ನಾಲ್ಕು ಕುರ್ಚಿ ಹಿಡಿದಿಟ್ಟು ತಿಂಡಿಗೆ ಹೋಗುವುದು, ಓಣಿಯಲ್ಲಿ ನಡುರಾತ್ರಿ ಗುಂಪಾಗಿ ಜೋರು ಮಾತು, ಎಲ್ಲರ ನಡುವೆ ಸ್ಪೀಕರ್ ಹಾಕಿ ವಿಡಿಯೊ ಕಾಲ್, ಇವನ್ನೂ ಬಿಡೋಣ. ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯೋಣ. ಹಡಗುಗಳಲ್ಲಿ ವಾಂತಿಭೇದಿ ಹಬ್ಬಿಸುವ ನೊರೊವೈರಸ್ ಸ್ಯಾನಿಟೈಜರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ.

ಹೊರಡುವ ದಿನದ ಸುರಕ್ಷತಾ ಕವಾಯತನ್ನು ತಪ್ಪಿಸಲು ನೋಡುವವರಿಗೆ ಒಂದು ಮಾತು. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿದು 32 ಜನ ಸತ್ತರು. ಅವತ್ತು ಸಂಜೆ ಹತ್ತಿದ ನೂರಾರು ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಆಗಲೇಬೇಕೆಂಬ ನಿಯಮ ಬಂದದ್ದು ಅದರ ನಂತರ. ಅಪಾಯದ ಹೊತ್ತಿನಲ್ಲಿ ನೀವು ಸೇರಬೇಕಾದ ಜಾಗ ಯಾವುದು, ಅಲ್ಲಿಗೆ ಮೆಟ್ಟಿಲು ಎಲ್ಲಿದೆ ಎಂದು ಮಕ್ಕಳ ಕೈ ಹಿಡಿದು ಒಮ್ಮೆ ನಡೆದು ಬನ್ನಿ.

ಇಷ್ಟಕ್ಕೆಲ್ಲ ಅಮೆರಿಕಕ್ಕೇ ಹೋಗಬೇಕಿಲ್ಲ. ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆಗೆ 2021ರಿಂದ ಕಾರ್ಡೇಲಿಯಾ ಕಂಪನಿಯ ಹಡಗು ಓಡುತ್ತಿದೆ. ಅದು 1990ರಲ್ಲಿ ಕಟ್ಟಿದ, ಗಾತ್ರದಲ್ಲಿ ಐಕಾನ್‌ನ ಐದನೇ ಒಂದು ಭಾಗದ ಹಡಗು. ಎರಡು ಮೂರು ರಾತ್ರಿಯಲ್ಲಿ ನಿಮಗೆ ಸಮುದ್ರ ಒಗ್ಗುತ್ತದೆಯೇ ಎಂದು ತಿಳಿಯುತ್ತದೆ. ಮನೆಯ ಹಿರಿಯರನ್ನು ಎಲ್ಲಿಗೇ ಕರೆದೊಯ್ಯುವುದಿದ್ದರೂ, ಟಿಕೆಟ್ ತೆಗೆಯುವ ಮೊದಲು ಒಂದು ಸಂಜೆ ಅವರ ಪಕ್ಕ ಕೂತು, ನಿಮಗೆ ಅಲ್ಲಿ ಏನು ನೋಡಬೇಕೆಂದಿದೆ ಎಂದು ದಯವಿಟ್ಟು ಕೇಳಿ.