ಸಫ್‌ನಲ್ಲಿ ಒಂದು, ಸಂಬಂಧದಲ್ಲಿ ಬೇರೆ



ಹೋಳಿ ಹುಣ್ಣಿಮೆಯ ನಂತರ ನವಲಗುಂದ ತಾಲೂಕಿನ ಯಮನೂರಿಗೆ ಜನಸಾಗರವೇ ಹರಿದು ಬರುತ್ತದೆ. ಅಲ್ಲಿನ ಸಂತರನ್ನು ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾಬಾಗ್ ಸವಾರ್ ಎಂದೂ ಕರೆಯುತ್ತಾರೆ. ಅಲ್ಲಿನ ಆಚರಣೆಗಳ ಚರ್ಚೆ ಇಲ್ಲಿ ನಮ್ಮ ಉದ್ದೇಶವಲ್ಲ. ಬೆಣ್ಣೆಹಳ್ಳದ ಒಂದೇ ನೀರಿನಲ್ಲಿ ಮಿಂದ ಜನರು ಊರಿಗೆ ಮರಳಿದೊಡನೆ ಏನಾಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಮೇಲುಕೀಳಿನ ಗೋಡೆಗಳು ಮತ್ತೆ ಏಳುತ್ತವೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರಲ್ಲಿ ಅದನ್ನು ಶಿಕ್ಷಾರ್ಹ ಅಪರಾಧವಾಗಿಸುವ ಕಾನೂನೂ ಬಂತು. ಆದರೂ ದಲಿತ ಸಹೋದರನಿಗೆ ಬೇರೆ ಲೋಟ ಇಡುವ ಮನಸ್ಸು ಇನ್ನೂ ಸತ್ತಿಲ್ಲ. ಇದನ್ನು ಕೇಳಿದಾಗ ನಾವು, “ಇಸ್ಲಾಮಿನಲ್ಲಿ ಜಾತಿಯಿಲ್ಲ” ಎಂದು ಹೆಮ್ಮೆಯಿಂದ ಹೇಳುತ್ತೇವೆ. ಇಸ್ಲಾಮಿನಲ್ಲಿ ಇಲ್ಲ, ನಿಜ. ನಮ್ಮ ಮನೆಗಳಲ್ಲಿ?

ನಮ್ಮ ಗಾದಿಯ ಹತ್ತಿ ಹಿಂಜಿದವರು ನದಾಫರು. ಹೆಸರುವಾಸಿಯಾದ ನವಲಗುಂದದ ಜಮಖಾನ, ಜಾನಮಾಝ್‌ಗಳನ್ನು ನೇಯ್ದವರು ಬಡ ಮುಸ್ಲಿಮ್ ಮಹಿಳೆಯರು. ಆ ಗಾದಿಯ ಮೇಲೆ ಮಲಗಲು ನಮಗೆ ಅಡ್ಡಿಯಿಲ್ಲ. ಆ ಜಾನಮಾಝಿನ ಮೇಲೆ ಹಣೆಯಿಡಲು ಸಂಕೋಚವಿಲ್ಲ. ಆದರೆ ಅಂಥ ಮನೆಯಿಂದ ಮಗಳಿಗೆ ಸಂಬಂಧ ಬಂದರೆ ಮುಖ ಬಾಡುತ್ತದೆ. “ಹುಡುಗ ನಮಾಝಿ, ದುಡಿಮೆಗಾರ, ಎಲ್ಲಾ ಸರಿ, ಆದರೆ ಅವರು ನಮ್ಮವರಲ್ಲ!” ಶುಕ್ರವಾರ ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವನು ಶನಿವಾರ ನಮ್ಮವನಲ್ಲದೆ ಹೋಗುವುದು ಹೇಗೆ?

ಮನುಷ್ಯರೆಲ್ಲರೂ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀಯ ಸಂತತಿ. ಕುಲಗೋತ್ರಗಳಿರುವುದು ಪರಸ್ಪರ ಪರಿಚಯಕ್ಕಾಗಿ ಮಾತ್ರ, ಅಲ್ಲಾಹನ ಬಳಿ ಶ್ರೇಷ್ಠತೆಗೆ ಮಾನದಂಡ ದೇವಭಯವೊಂದೇ ಎಂದು ಪವಿತ್ರ ಕುರ್‌ಆನ್ ಅಲ್‌ಹುಜುರಾತ್ ಅಧ್ಯಾಯದಲ್ಲಿ ಬೋಧಿಸುತ್ತದೆ.

ಹ. ಅಬೂದರ್ರ್(ರ) ಒಮ್ಮೆ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹಳಿದರು. ಪ್ರವಾದಿವರ್ಯರು(ಸ) ಅದನ್ನು ಲಘುವಾಗಿ ಕಾಣಲಿಲ್ಲ. ಅಬೂದರ್ರ್‌ರಲ್ಲಿ ಅಜ್ಞಾನ ಕಾಲದ ಗುಣ ಇನ್ನೂ ಉಳಿದಿದೆ ಎಂದು ಎಚ್ಚರಿಸಿದರು. ಕೈಕೆಳಗಿನವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೂ ಉಣಿಸಿ, ಉಡುವುದನ್ನೇ ಉಡಿಸಿ ಎಂದು ಕಲಿಸಿದರು. ಮುಂದೊಂದು ದಿನ ಅಬೂದರ್ರ್(ರ) ಮತ್ತು ಅವರ ಸೇವಕ ಒಂದೇ ಬಗೆಯ ಉಡುಪು ತೊಟ್ಟಿರುವುದನ್ನು ಕಂಡ ಒಬ್ಬರು ಕಾರಣ ಕೇಳಿದರು. ಆಗ ಅವರು ಈ ಘಟನೆಯನ್ನೇ ವಿವರಿಸಿದರೆಂದು ಬುಖಾರಿಯಲ್ಲಿದೆ.

ಗಮನಿಸಿ, ಅವರ ಪಶ್ಚಾತ್ತಾಪ ಬಾಯಿಮಾತಿನಲ್ಲಿ ಮುಗಿಯಲಿಲ್ಲ. ಮೈಮೇಲಿನ ಬಟ್ಟೆಯಲ್ಲಿ ಕಾಣಿಸಿಕೊಂಡಿತು. ನಮ್ಮ ಪಶ್ಚಾತ್ತಾಪವೂ ಎಲ್ಲಾದರೂ ಕಾಣಿಸಬೇಕಲ್ಲವೇ? ಕೂಲಿಗೆ ಬಂದವನಿಗೆ ನಮ್ಮದೇ ತಟ್ಟೆಯಲ್ಲಿ ಊಟ ಬಡಿಸುವುದರಲ್ಲಿ, ವಲೀಮಾದಲ್ಲಿ ಬಡವನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುವುದರಲ್ಲಿ, ಮಗಳ ಸಂಬಂಧದಲ್ಲಿ ಕುಲದ ಬದಲು ದೀನ್ ಮತ್ತು ನಡತೆಯನ್ನು ನೋಡುವುದರಲ್ಲಿ.

ಅಲ್ಲಾಹನು ನಮ್ಮ ಸಫ್‌ಗಳನ್ನು ಒಂದುಗೂಡಿಸಿದಂತೆ ಹೃದಯಗಳನ್ನೂ ಒಂದುಗೂಡಿಸಲಿ. ಆಮೀನ್.